ಪ್ರವೇಶದ ಉತ್ತರಕ್ಕೆ ಕಾಯುವಾಗ ಹನ್ನೆರಡನೇ ತರಗತಿಯ ವಿಷಯ ಬದಲಾದರೆ: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದವರಿಗೊಂದು ಸಮಗ್ರ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯನ್ನು ನವೆಂಬರ್ ಕೊನೆಯಲ್ಲಿ ಸಲ್ಲಿಸಿದ ರಾತ್ರಿ ಮನೆಮಂದಿಯೆಲ್ಲ ಉಸ್ಸಪ್ಪಾ ಎಂದು ಕೂರುತ್ತಾರೆ. ಪ್ರಬಂಧಗಳನ್ನು ತಿದ್ದಿ ತಿದ್ದಿ ಮಕ್ಕಳು ಬಳಲಿರುತ್ತಾರೆ, ಗಡುವು ನೆನಪಿಸಿ ನೆನಪಿಸಿ ತಂದೆತಾಯಿ ಸೋತಿರುತ್ತಾರೆ. ಮಾರ್ಚ್‌ನಲ್ಲಿ ಉತ್ತರ ಬರುವವರೆಗೆ ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅರ್ಜಿಯಲ್ಲಿ ಬರೆದುಕೊಟ್ಟ ಒಂದು ಭಾಗ ಆ ರಾತ್ರಿಯ ಮಟ್ಟಿಗೆ ಇನ್ನೂ ನಡೆದೇ ಇರುವುದಿಲ್ಲ. ಹನ್ನೆರಡನೇ ತರಗತಿಯ ವಿಷಯಗಳ ಮುಂದೆ ಗ್ರೇಡ್ ಇರುವುದಿಲ್ಲ. ‘ನಡೆಯುತ್ತಿದೆ’ ಅಥವಾ ‘ಮುಂದೆ ತೆಗೆದುಕೊಳ್ಳುತ್ತೇನೆ’ ಎಂಬ ಗುರುತು ಮಾತ್ರ ಇರುತ್ತದೆ. ಅರ್ಜಿ ಓದುವವರು ಆ ಗುರುತನ್ನು ವಿದ್ಯಾರ್ಥಿ ಕೊಟ್ಟ ಮಾತೆಂದೇ ಎಣಿಸುತ್ತಾರೆ. ಆ ಮಾತಿನಲ್ಲಿ ಏನಾದರೂ ಬದಲಾದರೆ ತಿಳಿಸಬೇಕಾದವರು ವಿದ್ಯಾರ್ಥಿಯೇ, ಮತ್ತು ತಿಳಿಸಬೇಕಾದದ್ದು ಬದಲಾದ ಕೂಡಲೇ. ಇದು ಗೊತ್ತಿಲ್ಲದೆ ನಮ್ಮ ಕನ್ನಡದ ಕುಟುಂಬಗಳಲ್ಲೂ ಎಷ್ಟೋ ಮಕ್ಕಳು ತಿಂಗಳುಗಟ್ಟಲೆ ಒಳಗೊಳಗೇ ಹೆದರಿಕೊಂಡು ಕುಳಿತಿರುವುದನ್ನು ನೋಡಿದ್ದೇನೆ. ಹಾಗಾಗಿ ಮಾಡಬೇಕಾದದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಬರೆದುಕೊಟ್ಟದ್ದನ್ನು ಮುದ್ರಿಸಿಟ್ಟುಕೊಳ್ಳಿ

ಸಲ್ಲಿಸಿದ ಅರ್ಜಿಯ ಪಿಡಿಎಫ್ ಪ್ರತಿಯನ್ನು ಇಳಿಸಿಕೊಂಡು, ಅದರಲ್ಲಿ ಹನ್ನೆರಡನೇ ತರಗತಿಯ ವಿಷಯಗಳಿರುವ ಪುಟವನ್ನು ಮುದ್ರಿಸಿ. ಪಕ್ಕದಲ್ಲಿ ಶಾಲೆಯವರು ಕೊಟ್ಟಿರುವ ಈಗಿನ ವೇಳಾಪಟ್ಟಿಯನ್ನು ಇಟ್ಟುಕೊಂಡು ಒಂದೊಂದೇ ಸಾಲನ್ನು ತಾಳೆ ನೋಡಿ. ವಿಷಯದ ಹೆಸರು ಅದೇ ಇದೆಯೇ, ಎಪಿ (ಕಾಲೇಜು ಮಟ್ಟದ್ದು) ಅಥವಾ ಆನರ್ಸ್ (ಸಾಮಾನ್ಯಕ್ಕಿಂತ ಮೇಲ್ಮಟ್ಟದ್ದು) ಎಂದು ಬರೆದದ್ದು ಹಾಗೆಯೇ ಇದೆಯೇ, ಇಡೀ ವರ್ಷದ್ದೆಂದು ಬರೆದ ವಿಷಯ ಎರಡನೇ ಸೆಮಿಸ್ಟರಿನಲ್ಲೂ ಮುಂದುವರಿದಿದೆಯೇ ಎಂಬುದನ್ನು ಪರೀಕ್ಷಿಸಿ. ಇದನ್ನು ಎರಡು ಸಲ ಮಾಡಬೇಕು: ಅರ್ಜಿ ಸಲ್ಲಿಸಿದ ವಾರದಲ್ಲಿ ಒಮ್ಮೆ, ಎರಡನೇ ಸೆಮಿಸ್ಟರ್ ಶುರುವಾದ ವಾರದಲ್ಲಿ ಮತ್ತೊಮ್ಮೆ. ವಿದ್ಯಾರ್ಥಿ ಏನೂ ಕೇಳದಿದ್ದರೂ, ತರಗತಿಗೆ ಸಾಕಷ್ಟು ಮಕ್ಕಳು ಸೇರಲಿಲ್ಲವೆಂದೋ ಶಿಕ್ಷಕರು ಬಿಟ್ಟುಹೋದರೆಂದೋ ಶಾಲೆಯೇ ವಿಷಯ ಬದಲಿಸುವುದುಂಟು. ಹೀಗಾಗುವುದು ಹೆಚ್ಚಾಗಿ ಜನವರಿಯಲ್ಲಿ.

ಈ ಕೆಲಸ ಇಷ್ಟು ಮುಖ್ಯವಾಗಲು ಕಾರಣವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅರ್ಜಿಯ ಜೊತೆಗೆ ಟ್ರಾನ್ಸ್‌ಕ್ರಿಪ್ಟ್, ಅಂದರೆ ಶಾಲೆ ಕೊಡುವ ವಿಷಯ ಮತ್ತು ಗ್ರೇಡುಗಳ ಅಧಿಕೃತ ಪಟ್ಟಿ, ಕೇಳುವುದಿಲ್ಲ. ವಿದ್ಯಾರ್ಥಿ ತಾನೇ ತುಂಬಿದ ವಿಷಯ ಮತ್ತು ಗ್ರೇಡುಗಳನ್ನು ನಂಬಿ ಓದುತ್ತದೆ. ಎಸ್‌ಎಟಿ, ಎಸಿಟಿ ಎಂಬ ಪರೀಕ್ಷೆಗಳ ಅಂಕಗಳನ್ನು ಪ್ರವೇಶಕ್ಕೆ ಪರಿಗಣಿಸುವುದನ್ನೂ ಅದು ಕೈಬಿಟ್ಟಿರುವುದರಿಂದ, ಯಾವ ವಿಷಯಗಳನ್ನು ಎಷ್ಟು ಆಳವಾಗಿ ಓದಿದ್ದಾರೆ ಎಂಬುದಕ್ಕೆ ತೂಕ ಇನ್ನೂ ಹೆಚ್ಚಿದೆ. ನಂಬಿ ಓದಿದ್ದನ್ನು ತಾಳೆ ನೋಡುವುದು ಕೊನೆಯಲ್ಲಿ, ಜುಲೈ 1ರೊಳಗೆ ತಲುಪಬೇಕಾದ ಅಂತಿಮ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಬಂದಾಗ. ಅಲ್ಲಿಯವರೆಗೆ ಮುಚ್ಚಿಟ್ಟ ಬದಲಾವಣೆ ಆಗ ತಾನಾಗಿಯೇ ಹೊರಬೀಳುತ್ತದೆ.

ಎರಡನೇ ಹೆಜ್ಜೆ: ಪೋರ್ಟಲ್‌ಗಳನ್ನೂ ಇಮೇಲನ್ನೂ ವಾರಕ್ಕೊಮ್ಮೆ ನೋಡಿ

ಅರ್ಜಿ ಒಂದೇ ಆದರೂ ಬರ್ಕ್ಲಿ, ಡೇವಿಸ್, ಅರ್ವೈನ್, ಲಾಸ್ ಏಂಜಲೀಸ್, ಮರ್ಸೆಡ್, ರಿವರ್‌ಸೈಡ್, ಸ್ಯಾನ್ ಡಿಯಾಗೋ, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಎಂಬ ಒಂಬತ್ತು ಕ್ಯಾಂಪಸ್ಸುಗಳೂ ಪ್ರತ್ಯೇಕವಾಗಿ ನಿರ್ಧರಿಸುತ್ತವೆ. ಆಯ್ದುಕೊಂಡ ಪ್ರತಿ ಕ್ಯಾಂಪಸ್ಸಿಗೂ ಬೇರೆ ಬೇರೆ ಪೋರ್ಟಲ್ (ಅರ್ಜಿದಾರರ ಖಾತೆಯಿರುವ ಜಾಲಪುಟ), ಬೇರೆ ಬೇರೆ ಪಾಸ್‌ವರ್ಡ್. ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಭಾನುವಾರ ಸಂಜೆಯೋ ಮತ್ತೆಂದೋ ನಿಗದಿಯಾದ ಒಂದು ಹೊತ್ತಿನಲ್ಲಿ ಎಲ್ಲವನ್ನೂ ತೆರೆದು ನೋಡಿ ಮುಚ್ಚಿಬಿಡುವುದು ಒಳ್ಳೆಯದು. ದಿನಕ್ಕೆ ಹತ್ತು ಸಲ ನೋಡಿದರೂ ಮಾರ್ಚ್ ಬೇಗ ಬರುವುದಿಲ್ಲ, ಮಗುವಿನ ನೆಮ್ಮದಿ ಮಾತ್ರ ಹಾಳಾಗುತ್ತದೆ.

ಇಮೇಲಿನ ಸ್ಪ್ಯಾಮ್ ಪೆಟ್ಟಿಗೆಯನ್ನು ನೋಡಲು ಮರೆಯಬೇಡಿ. ವಿಶ್ವವಿದ್ಯಾಲಯ ಪ್ರತಿ ವರ್ಷವೂ ಕೆಲವು ಅರ್ಜಿದಾರರನ್ನು ಯಾದೃಚ್ಛಿಕವಾಗಿ ಆರಿಸಿ, ಅರ್ಜಿಯಲ್ಲಿ ಬರೆದ ಯಾವುದಾದರೊಂದು ಚಟುವಟಿಕೆಗೋ ಪ್ರಶಸ್ತಿಗೋ ದಾಖಲೆ ಕೇಳುತ್ತದೆ. ಇದು ಅನುಮಾನದ ಪತ್ರವಲ್ಲ, ಆದರೆ ಗಡುವಿನೊಳಗೆ ಉತ್ತರಿಸದಿದ್ದರೆ ಅರ್ಜಿಯೇ ರದ್ದಾಗಬಹುದು. ಕ್ಯಾಲ್ ಗ್ರಾಂಟ್ ಎಂಬ ರಾಜ್ಯದ ಸಹಾಯಧನಕ್ಕಾಗಿ ಹಣಕಾಸಿನ ನೆರವಿನ ಅರ್ಜಿಯನ್ನು ಸಾಮಾನ್ಯವಾಗಿ ಮಾರ್ಚ್ 2ರೊಳಗೆ ಸಲ್ಲಿಸಬೇಕಾಗಿರುವುದೂ ಇದೇ ತಿಂಗಳುಗಳಲ್ಲಿ ಮರೆತುಹೋಗುವ ಸಂಗತಿ.

ಮೂರನೇ ಹೆಜ್ಜೆ: ವಿಷಯ ಬಿಡುವ ಮೊದಲು ಕೌನ್ಸೆಲರ್ ಜೊತೆ ಕೂತು ಲೆಕ್ಕ ಹಾಕಿ

ವಿಷಯವನ್ನು ಬಿಟ್ಟ ಮೇಲೆ ತಿಳಿಸುವುದಕ್ಕಿಂತ ಬಿಡುವ ಮೊದಲೇ ಯೋಚಿಸುವುದು ಸುಲಭ. ಶಾಲೆಯ ಕೌನ್ಸೆಲರ್ ಹತ್ತಿರ ಮೂರು ಪ್ರಶ್ನೆಗಳನ್ನು ಕೇಳಿ.

ಒಂದನೆಯದು, ಇದನ್ನು ಬಿಟ್ಟರೆ ‘ಎ-ಜಿ’ ವಿಷಯಗಳ, ಅಂದರೆ ವಿಶ್ವವಿದ್ಯಾಲಯ ಪ್ರವೇಶಕ್ಕೆ ಕಡ್ಡಾಯ ಮಾಡಿರುವ ವಿಷಯಗಳ, ಲೆಕ್ಕ ತಪ್ಪುತ್ತದೆಯೇ ಎಂಬುದು. ಈ ಪಟ್ಟಿಯಲ್ಲಿ ಒಟ್ಟು 15 ವಾರ್ಷಿಕ ವಿಷಯಗಳು ಆಗಬೇಕು: ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷೇತರ ಭಾಷೆ 2, ಕಲೆ 1, ಐಚ್ಛಿಕ 1. ಇವುಗಳಲ್ಲಿ ಕನಿಷ್ಠ 11 ಹನ್ನೆರಡನೇ ತರಗತಿಗೆ ಮೊದಲೇ ಮುಗಿದಿರಬೇಕು. ಉಳಿದ ನಾಲ್ಕರಲ್ಲಿ ಒಂದು, ಮುಖ್ಯವಾಗಿ ನಾಲ್ಕನೇ ವರ್ಷದ ಇಂಗ್ಲಿಷ್, ಕೈತಪ್ಪಿದರೆ ಅರ್ಹತೆಯ ಬುಡವೇ ಅಲುಗಾಡುತ್ತದೆ. ಎರಡನೆಯದು, ಅರ್ಜಿ ಹಾಕಿದ ವಿಭಾಗಕ್ಕೆ ಈ ವಿಷಯ ಎಷ್ಟು ಹತ್ತಿರದ್ದು ಎಂಬುದು. ಎಂಜಿನಿಯರಿಂಗ್ ಕೇಳಿದ ಹುಡುಗ ಕಲಾ ತರಗತಿಯೊಂದನ್ನು ಬಿಡುವುದಕ್ಕೂ ಕ್ಯಾಲ್ಕುಲಸ್ ಬಿಡುವುದಕ್ಕೂ ಅಜಗಜಾಂತರವಿದೆ. ಮೂರನೆಯದು, ಬಿಟ್ಟದ್ದು ಟ್ರಾನ್ಸ್‌ಕ್ರಿಪ್ಟಿನಲ್ಲಿ ಹೇಗೆ ಕಾಣಿಸುತ್ತದೆ ಎಂಬುದು. ಶಾಲೆಯ ಗಡುವಿನೊಳಗೆ ಬಿಟ್ಟರೆ ಕೆಲವು ಕಡೆ ಗುರುತೇ ಉಳಿಯುವುದಿಲ್ಲ, ಗಡುವು ಮೀರಿದರೆ ಡಬ್ಲ್ಯೂ (ನಡುವೆ ಬಿಟ್ಟದ್ದು) ಅಥವಾ ಎಫ್ (ಅನುತ್ತೀರ್ಣ) ಬೀಳಬಹುದು.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಮಕ್ಕಳು ಎಡವುವ ಇನ್ನೊಂದು ಜಾಗವಿದೆ. ಡಿ ಆಂಜ಼ಾ, ಫುಟ್‌ಹಿಲ್, ಒಲೋನಿಯಂತಹ ಸಮುದಾಯ ಕಾಲೇಜುಗಳಲ್ಲಿ ಶಾಲೆಯ ಜೊತೆಜೊತೆಗೇ ಒಂದೆರಡು ತರಗತಿ ತೆಗೆದುಕೊಂಡವರು, ಅದನ್ನು ನಡುವೆ ಬಿಟ್ಟಾಗ ಶಾಲೆಗೆ ಸಂಬಂಧವಿಲ್ಲದ್ದು ಎಂದು ಸುಮ್ಮನಾಗುತ್ತಾರೆ. ಆದರೆ ಆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಪ್ರತ್ಯೇಕ ದಾಖಲೆ. ಪ್ರವೇಶ ಸಿಕ್ಕವರು ಅದನ್ನೂ ಕಳುಹಿಸಲೇಬೇಕು, ಮತ್ತು ಅಲ್ಲಿನ ಡಬ್ಲ್ಯೂ ಅದರಲ್ಲಿ ಉಳಿದಿರುತ್ತದೆ.

ನಾಲ್ಕನೇ ಹೆಜ್ಜೆ: ಯಾವುದನ್ನು ತಿಳಿಸಬೇಕು

ವಿಷಯ ಬಿಟ್ಟರೆ ತಿಳಿಸಬೇಕು, ಹೊಸದನ್ನು ಸೇರಿಸಿದರೆ ತಿಳಿಸಬೇಕು, ಎಪಿಯಿಂದ ಸಾಮಾನ್ಯ ಮಟ್ಟಕ್ಕೆ ಇಳಿದರೂ ತಿಳಿಸಬೇಕು. ಶಾಲೆ ಬದಲಾದರೆ, ಇಡೀ ವರ್ಷದ ವಿಷಯ ಒಂದೇ ಸೆಮಿಸ್ಟರಿಗೆ ನಿಂತರೆ, ಮೊದಲ ಸೆಮಿಸ್ಟರಿನಲ್ಲಿ ಡಿ ಅಥವಾ ಎಫ್ ಬಂದರೆ, ಹಿಂದೆ ತುಂಬಿದ ಗ್ರೇಡಿನಲ್ಲೇ ತಪ್ಪಾಗಿದ್ದರೆ, ಇವೆಲ್ಲವೂ ತಿಳಿಸಬೇಕಾದವೇ. ಶಾಲೆಯೇ ವಿಷಯವನ್ನು ರದ್ದು ಮಾಡಿದ್ದರೂ ತಿಳಿಸುವ ಹೊಣೆ ವಿದ್ಯಾರ್ಥಿಯದೇ.

ತಿಳಿಸಬೇಕಾಗಿಲ್ಲದವೂ ಇವೆ. ಅದೇ ವಿಷಯಕ್ಕೆ ಶಿಕ್ಷಕರು ಬದಲಾದರೆ ಅಥವಾ ಮೂರನೇ ಪಿರಿಯಡ್ ಐದನೆಯದಾದರೆ ಅದು ವಿಶ್ವವಿದ್ಯಾಲಯದ ಕಣ್ಣಿನಲ್ಲಿ ಬದಲಾವಣೆಯಲ್ಲ. ಎಪಿ ತರಗತಿಯನ್ನು ಪೂರ್ತಿ ಓದಿ ಮೇ ತಿಂಗಳ ಪರೀಕ್ಷೆಯನ್ನು ಮಾತ್ರ ಬರೆಯದಿದ್ದರೆ ಅದೂ ವಿಷಯ ಬಿಟ್ಟಂತಲ್ಲ. ಇವೆರಡನ್ನು ಕಲಸಿಕೊಂಡು ಮಕ್ಕಳು ವೃಥಾ ನಿದ್ದೆಗೆಡುತ್ತಾರೆ.

ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಮಗಳ ಹನ್ನೆರಡನೇ ತರಗತಿಯ ಜನವರಿಯಲ್ಲಿ ಎರಡು ವಿಷಯಗಳು ಒಂದೇ ಪಿರಿಯಡ್ಡಿಗೆ ಬಂದು, ಎಪಿ ಭೌತಶಾಸ್ತ್ರವನ್ನು ಬಿಟ್ಟು ಎಪಿ ಸ್ಟ್ಯಾಟಿಸ್ಟಿಕ್ಸ್‌ಗೆ ಸೇರಬೇಕಾಯಿತು. ಒಂದು ವಾರ ಅವಳು ಬಾಯಿ ಬಿಡಲಿಲ್ಲ. ಕೊನೆಗೊಂದು ರಾತ್ರಿ ಊಟದ ಮೇಜಿನಲ್ಲಿ ಮೊಸರನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಅಪ್ಪ, ನಾವಾಗಿ ಹೇಳ್ದೇ ಇದ್ರೆ ಅವ್ರಿಗೆ ಹೇಗೆ ಗೊತ್ತಾಗತ್ತೆ?” ಎಂದು ಕೇಳಿದಳು. “ಜುಲೈನಲ್ಲಿ ಗೊತ್ತಾಗತ್ತೆ ಮಗಳೇ, ಆಗ ನಿನ್ನ ಹಾಸಿಗೆ ದಿಂಬೆಲ್ಲ ಡಾರ್ಮ್‌ಗೆ ಕಟ್ಟಿಟ್ಟಿರ್ತೀವಿ,” ಎಂದೆ. ಅವಳಿಗಿದ್ದ ಭಯ, ಹೇಳಿಕೊಂಡರೆ ಅರ್ಜಿಗೆ ಪೆಟ್ಟು ಬೀಳುತ್ತದೆ ಎಂಬುದು. ಆ ಭಯವನ್ನು ನಾನು ಹಗುರವಾಗಿ ಕಾಣಲಿಲ್ಲ, ಏಕೆಂದರೆ ಅದರಲ್ಲಿ ಸ್ವಲ್ಪ ಸತ್ಯವಿದೆ: ವಿಷಯದ ಮಟ್ಟ ಇಳಿದರೆ ಓದುವವರು ಅದನ್ನು ಗಮನಿಸಬಹುದು. ಆದರೆ ಫೆಬ್ರವರಿಯಲ್ಲಿ ತಿಳಿದ ಬದಲಾವಣೆ ಅರ್ಜಿಯ ಹತ್ತಾರು ಸಂಗತಿಗಳಲ್ಲಿ ಒಂದಾಗಿರುತ್ತದೆ, ಜುಲೈನಲ್ಲಿ ಸಿಕ್ಕಿಬಿದ್ದದ್ದು ನಂಬಿಕೆಯ ಪ್ರಶ್ನೆಯಾಗುತ್ತದೆ. ಅದೇ ರಾತ್ರಿ ಎಂಟು ಸಾಲಿನ ಪತ್ರ ಬರೆದಳು. ನಾಲ್ಕು ದಿನಗಳಲ್ಲಿ ಒಂದು ಕ್ಯಾಂಪಸ್ಸಿನಿಂದ, ನಿಮ್ಮ ಕಡತದಲ್ಲಿ ಸೇರಿಸಿದ್ದೇವೆ ಎಂಬ ಎರಡೇ ವಾಕ್ಯದ ಉತ್ತರ ಬಂತು. ಅವಳ ಮುಖದ ಬಿಗುವು ಸಡಿಲಿದ್ದು ಅಂದೇ.

ಐದನೇ ಹೆಜ್ಜೆ: ಪತ್ರ ಬರೆಯುವುದು

ಬರೆಯಬೇಕಾದವರು ವಿದ್ಯಾರ್ಥಿಯೇ. ತಂದೆತಾಯಿಯ ಹೆಸರಿನಿಂದ ಹೋದ ಪತ್ರಕ್ಕೆ ಕಚೇರಿಯವರು ಉತ್ತರ ಕೊಡದಿರಬಹುದು, ಕೊಟ್ಟರೂ ಮಗು ತನ್ನ ಕೆಲಸವನ್ನು ತಾನು ಮಾಡಿಕೊಳ್ಳುತ್ತಿಲ್ಲ ಎಂಬ ಅಭಿಪ್ರಾಯ ಮೂಡುತ್ತದೆ. ಅರ್ಜಿಯಲ್ಲಿ ಕೊಟ್ಟ ಇಮೇಲ್ ವಿಳಾಸದಿಂದಲೇ ಕಳುಹಿಸಬೇಕು. ಪತ್ರದಲ್ಲಿ ನಾಲ್ಕೇ ಸಂಗತಿಗಳಿರಲಿ: ನಾನು ಯಾರು, ಏನು ಬದಲಾಯಿತು, ಏಕೆ ಬದಲಾಯಿತು, ಈಗಿನ ಪೂರ್ತಿ ವೇಳಾಪಟ್ಟಿ ಏನು. ಇಂಗ್ಲಿಷಿನಲ್ಲಿ ಕಳುಹಿಸುವ ಪತ್ರದ ಹೂರಣ ಹೀಗಿರಬಹುದು:

“ಮಾನ್ಯರೇ, ನಾನು ಇಂತಹ ಹೆಸರಿನ, ಇಂತಹ ಜನ್ಮದಿನಾಂಕದ, ಇಂತಹ ಅರ್ಜಿ ಸಂಖ್ಯೆಯ ವಿದ್ಯಾರ್ಥಿನಿ. ಈ ವರ್ಷದ ಪ್ರಥಮ ವರ್ಷದ ಪ್ರವೇಶಕ್ಕೆ ಅರ್ಜಿ ಸಲ್ಲಿಸಿದ್ದೇನೆ. ಅರ್ಜಿಯಲ್ಲಿ ನಮೂದಿಸಿದ್ದ ಎಪಿ ಭೌತಶಾಸ್ತ್ರವನ್ನು ಎರಡನೇ ಸೆಮಿಸ್ಟರಿನಲ್ಲಿ ಮುಂದುವರಿಸುತ್ತಿಲ್ಲ, ಅದರ ಬದಲು ಎಪಿ ಸ್ಟ್ಯಾಟಿಸ್ಟಿಕ್ಸ್‌ಗೆ ಸೇರಿದ್ದೇನೆ. ಶಾಲೆಯ ವೇಳಾಪಟ್ಟಿಯಲ್ಲಿ ನನ್ನ ಎರಡು ವಿಷಯಗಳು ಒಂದೇ ಸಮಯಕ್ಕೆ ಬಂದದ್ದು ಇದಕ್ಕೆ ಕಾರಣ. ಭೌತಶಾಸ್ತ್ರದ ಮೊದಲ ಸೆಮಿಸ್ಟರಿನಲ್ಲಿ ನನಗೆ ಬಿ ಗ್ರೇಡ್ ಬಂದಿದೆ. ಎರಡನೇ ಸೆಮಿಸ್ಟರಿನ ನನ್ನ ಎಲ್ಲ ವಿಷಯಗಳ ಪಟ್ಟಿ ಕೆಳಗಿದೆ. ಹೆಚ್ಚಿನ ಮಾಹಿತಿ ಬೇಕಾದಲ್ಲಿ ದಯವಿಟ್ಟು ತಿಳಿಸಿ.”

ಇಷ್ಟೇ ಸಾಕು. ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ, ಇದ್ದದ್ದು ಇದ್ದಂತೆ ಹೇಳಿ. ಕಾಯಿಲೆಯೋ ಮನೆಯಲ್ಲಿ ಕಷ್ಟವೋ ಇದ್ದರೆ ಅದನ್ನು ಹೇಳಲು ಸಂಕೋಚ ಬೇಡ. ವಿಷಯ ತುಂಬ ಕಷ್ಟವಾಯಿತು ಎಂಬುದೇ ನಿಜವಾದ ಕಾರಣವಾಗಿದ್ದರೆ, ಉಳಿದ ವಿಷಯಗಳಿಗೆ ಸರಿಯಾದ ಸಮಯ ಕೊಡಲು ಕೌನ್ಸೆಲರ್ ಜೊತೆ ಮಾತನಾಡಿ ತೀರ್ಮಾನಿಸಿದೆ ಎಂದು ನೇರವಾಗಿ ಬರೆಯಿರಿ. ಶಿಕ್ಷಕರ ಮೇಲೆ ದೂರು, ಅತಿಯಾದ ಕ್ಷಮೆಯಾಚನೆ, ಹೊಸ ಪ್ರಶಸ್ತಿಗಳ ಪಟ್ಟಿ, ಇವು ಯಾವುವೂ ಈ ಪತ್ರದಲ್ಲಿ ಬೇಡ.

ಆರನೇ ಹೆಜ್ಜೆ: ಎಲ್ಲಿಗೆ ಕಳುಹಿಸಬೇಕು

ಸಲ್ಲಿಸಿದ ಅರ್ಜಿಯೊಳಗೆ ಮತ್ತೆ ಹೋಗಿ ದೂರವಾಣಿ, ಇಮೇಲ್, ವಿಳಾಸದಂತಹ ವಿವರಗಳನ್ನು ತಿದ್ದಬಹುದು, ವಿಷಯ ಮತ್ತು ಗ್ರೇಡುಗಳನ್ನು ತಿದ್ದಲಾಗುವುದಿಲ್ಲ. ಆದ್ದರಿಂದ ಅರ್ಜಿ ಹಾಕಿದ ಪ್ರತಿ ಕ್ಯಾಂಪಸ್ಸಿನ ಪೋರ್ಟಲ್ ತೆರೆದು, ವೇಳಾಪಟ್ಟಿ ಅಥವಾ ಗ್ರೇಡ್ ಬದಲಾವಣೆಗೆಂದೇ ನಮೂನೆ ಇದೆಯೇ ಎಂದು ನೋಡಿ. ಇದ್ದರೆ ಅದನ್ನೇ ತುಂಬಿ. ಇಲ್ಲದಿದ್ದರೆ ಪೋರ್ಟಲ್ ಸೂಚಿಸುವ ಪ್ರವೇಶ ಕಚೇರಿಯ ವಿಳಾಸಕ್ಕೆ ಪತ್ರ ಕಳುಹಿಸಿ. ಆರು ಕ್ಯಾಂಪಸ್ಸುಗಳಿಗೆ ಅರ್ಜಿ ಹಾಕಿದ್ದರೆ ಆರಕ್ಕೂ ಪ್ರತ್ಯೇಕವಾಗಿ ತಿಳಿಸಿ, ಒಂದು ಕ್ಯಾಂಪಸ್ ಇನ್ನೊಂದಕ್ಕೆ ದಾಟಿಸುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಕಳುಹಿಸಿದ ದಿನಾಂಕ, ಬಂದ ಉತ್ತರ, ಪರದೆಯ ಚಿತ್ರ ಮೂರನ್ನೂ ಒಂದೇ ಕಡತದಲ್ಲಿ ಉಳಿಸಿಕೊಳ್ಳಿ. ಮುಂದೆ ಯಾರಾದರೂ ಕೇಳಿದರೆ ನಿಮ್ಮ ಬೆನ್ನಿಗೆ ನಿಲ್ಲುವುದು ಆ ಕಡತವೇ.

ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಸಲ್ಲಿಸುವ ಜಾಲತಾಣ) ಮೂಲಕ ಖಾಸಗಿ ವಿಶ್ವವಿದ್ಯಾಲಯಗಳಿಗೂ ಅರ್ಜಿ ಹಾಕಿದವರಿಗೆ ದಾರಿ ಸ್ವಲ್ಪ ಬೇರೆ. ಅಲ್ಲಿ ಕೌನ್ಸೆಲರ್ ಮಧ್ಯವರ್ಷದ ವರದಿಯನ್ನು ಮೊದಲ ಸೆಮಿಸ್ಟರಿನ ಗ್ರೇಡುಗಳೊಂದಿಗೆ ಕಳುಹಿಸುತ್ತಾರೆ, ಅದರಲ್ಲಿ ವೇಳಾಪಟ್ಟಿಯ ಬದಲಾವಣೆಯನ್ನೂ ನಮೂದಿಸಬಹುದು. ಆ ವರದಿ ತಲುಪುವ ಮೊದಲೇ ವಿದ್ಯಾರ್ಥಿಯ ಪತ್ರ ತಲುಪಿರಬೇಕು. ಇಬ್ಬರ ಮಾತೂ ಒಂದೇ ಆಗಿರಲೆಂದು ಪತ್ರದ ಪ್ರತಿಯನ್ನು ಕೌನ್ಸೆಲರ್‌ಗೂ ಕೊಡಿ.

ಏಳನೇ ಹೆಜ್ಜೆ: ಉತ್ತರ ಬಂದ ಮೇಲೆ

ಪ್ರಥಮ ವರ್ಷದವರ ಉತ್ತರಗಳು ಹೆಚ್ಚಾಗಿ ಮಾರ್ಚ್ ತಿಂಗಳುದ್ದಕ್ಕೂ ಒಂದೊಂದು ಕ್ಯಾಂಪಸ್ಸಿನಿಂದ ಒಂದೊಂದು ದಿನ ಬರುತ್ತವೆ. ಗೆಳೆಯರಿಗೆ ಬಂದು ನಿಮಗೆ ಬಾರದಿದ್ದರೆ ಅದು ನಿರಾಕರಣೆಯ ಸೂಚನೆಯಲ್ಲ. ಮೈಸೂರಿನಿಂದ ನಮ್ಮಮ್ಮ ವಾರಕ್ಕೆ ಎರಡು ಸಲ ಫೋನ್ ಮಾಡಿ, “ಏನಾಯ್ತೋ, ಕೂಸಿಗೆ ಕಾಗದ ಬಂತಾ?” ಎಂದು ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುವ ಈ ಪ್ರಶ್ನೆ ಮಕ್ಕಳ ಎದೆಯ ಮೇಲೆ ಕಲ್ಲಿಟ್ಟಂತಾಗುತ್ತದೆ. ಬಂದಾಗ ನಾವೇ ತಿಳಿಸುತ್ತೇವೆ ಎಂದು ಬಂಧುಗಳಿಗೆ ಮೊದಲೇ ಹೇಳಿಬಿಡುವುದು ಮಗುವಿಗೆ ಮಾಡುವ ದೊಡ್ಡ ಉಪಕಾರ.

ಪ್ರವೇಶ ಸಿಕ್ಕಿತು ಎಂಬ ಪತ್ರ ಬಂದರೆ ಸಂಭ್ರಮಿಸಿ, ಆಮೇಲೆ ಅದರ ಜೊತೆಗಿರುವ ಷರತ್ತುಗಳನ್ನು ಪೂರ್ತಿ ಓದಿ. ಸಾಮಾನ್ಯವಾಗಿ ಅಲ್ಲಿ ಅರ್ಜಿಯಲ್ಲಿ ಬರೆದ ವಿಷಯಗಳನ್ನು ಪೂರೈಸಬೇಕು, ಡಿ ಅಥವಾ ಎಫ್ ಬರಬಾರದು, ಹನ್ನೆರಡನೇ ತರಗತಿಯ ಜಿಪಿಎ (ಗ್ರೇಡುಗಳ ಸರಾಸರಿ) ನಿಗದಿತ ಮಟ್ಟಕ್ಕಿಂತ ಇಳಿಯಬಾರದು, ಟ್ರಾನ್ಸ್‌ಕ್ರಿಪ್ಟ್ ಗಡುವಿನೊಳಗೆ ತಲುಪಬೇಕು ಎಂದಿರುತ್ತದೆ. ಅಂದರೆ ಏಪ್ರಿಲ್‌ನಲ್ಲಿ ವಿಷಯ ಬಿಟ್ಟರೂ ತಿಳಿಸುವ ಹೊಣೆ ಹಾಗೆಯೇ ಇರುತ್ತದೆ, ಈಗ ತಿಳಿಸಬೇಕಾದದ್ದು ನೀವು ಸೇರಲು ಒಪ್ಪಿದ ಕ್ಯಾಂಪಸ್ಸಿಗೆ. ಸೇರುವ ಇಚ್ಛೆಯನ್ನು ದಾಖಲಿಸಲು ಸಾಮಾನ್ಯ ಗಡುವು ಮೇ 1. ಕಾಯುವಿಕೆಯ ಪಟ್ಟಿಯಲ್ಲಿ ಹೆಸರಿದ್ದರೆ, ಅದರಲ್ಲಿ ಉಳಿಯಲು ಪೋರ್ಟಲ್‌ನಲ್ಲಿ ಪ್ರತ್ಯೇಕವಾಗಿ ಒಪ್ಪಿಗೆ ಕೊಡಬೇಕು, ಹಾಗೆ ಕಾಯುವವರೂ ಮೇ 1ರೊಳಗೆ ಬೇರೆಲ್ಲಾದರೂ ಒಂದು ಜಾಗ ಉಳಿಸಿಕೊಳ್ಳಲೇಬೇಕು.

ಡಿ ಅಥವಾ ಎಫ್ ಬರುವ ಲಕ್ಷಣ ಕಂಡರೆ ಅಂತಿಮ ಗ್ರೇಡಿನವರೆಗೆ ಕಾಯಬೇಡಿ. ಏನಾಗಿದೆ, ಸರಿಪಡಿಸಲು ಏನು ಮಾಡುತ್ತಿದ್ದೇನೆ, ಬೇಸಿಗೆಯಲ್ಲಿ ಅದೇ ವಿಷಯವನ್ನು ಮತ್ತೆ ಓದಿದರೆ ಒಪ್ಪುತ್ತೀರಾ ಎಂದು ಬರೆದು ಕೇಳಿ. ಮೇ ತಿಂಗಳಲ್ಲಿ ಕೇಳಿದವರಿಗೆ ಬೇಸಿಗೆ ತರಗತಿಗೆ ಸೇರುವ ದಾರಿ ಇನ್ನೂ ತೆರೆದಿರುತ್ತದೆ, ಜುಲೈನಲ್ಲಿ ಅದು ಮುಚ್ಚಿರುತ್ತದೆ.

ಇದು ಬರಿಯ ಹೆದರಿಕೆಯಲ್ಲ ಎಂಬುದಕ್ಕೆ 2017ರ ಬೇಸಿಗೆ ಸಾಕ್ಷಿ. ಆ ವರ್ಷ ಅರ್ವೈನ್ ಕ್ಯಾಂಪಸ್ ತರಗತಿಗಳು ಶುರುವಾಗಲು ಎರಡೇ ತಿಂಗಳಿರುವಾಗ 499 ವಿದ್ಯಾರ್ಥಿಗಳ ಪ್ರವೇಶವನ್ನು ಹಿಂತೆಗೆದುಕೊಂಡಿತು. ಟ್ರಾನ್ಸ್‌ಕ್ರಿಪ್ಟ್ ತಲುಪಲಿಲ್ಲ ಎಂಬಂತಹ ಕಾರಣಕ್ಕೇ ಜಾಗ ಕಳೆದುಕೊಂಡವರು ಅವರಲ್ಲಿ ಹಲವರಿದ್ದರು. ವಿದ್ಯಾರ್ಥಿಗಳ ಪ್ರತಿಭಟನೆಯ ನಂತರ ಚಾನ್ಸಲರ್ ಹೋವರ್ಡ್ ಗಿಲ್ಮನ್ ಕ್ಷಮೆ ಕೇಳಿ, ದಾಖಲೆಯ ಕಾರಣಕ್ಕೆ ಹೊರಗಾಗಿದ್ದ ಸುಮಾರು 290 ಮಂದಿಯನ್ನು ಮರಳಿ ಸೇರಿಸಿಕೊಂಡರು. ಓದಿನ ಮಟ್ಟ ಸ್ಪಷ್ಟವಾಗಿ ಕುಸಿದವರಿಗೆ ಆ ರಿಯಾಯಿತಿ ಇರಲಿಲ್ಲ.

ಕರ್ನಾಟಕದಿಂದ ಅರ್ಜಿ ಹಾಕಿದವರಿಗೆ

ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಕುಳಿತು ಅರ್ಜಿ ಹಾಕಿದವರಿಗೂ ಇದೇ ನಿಯಮ ಅನ್ವಯಿಸುತ್ತದೆ. ದ್ವಿತೀಯ ಪಿಯುಸಿಯಲ್ಲಿ ಕಾಲೇಜು ಬದಲಾದರೆ, ಜೀವಶಾಸ್ತ್ರವೆಂದು ಬರೆದದ್ದು ಕಂಪ್ಯೂಟರ್ ವಿಜ್ಞಾನವಾಗಿದ್ದರೆ, ಸಿಬಿಎಸ್‌ಇಯ ಆರನೇ ಹೆಚ್ಚುವರಿ ವಿಷಯವನ್ನು ಬಿಟ್ಟಿದ್ದರೆ ಅದನ್ನು ತಿಳಿಸಬೇಕು. ಕರ್ನಾಟಕದಲ್ಲಿ ಕೌನ್ಸೆಲರ್ ಎಂಬ ಹುದ್ದೆಯೇ ಇಲ್ಲದ ಕಾಲೇಜುಗಳು ಬೇಕಾದಷ್ಟಿವೆ. ಅಂಥಲ್ಲಿ ಪ್ರಾಂಶುಪಾಲರಿಂದ ಹೊಸ ವಿಷಯಗಳ ಪಟ್ಟಿಗೆ ಸಹಿ ಮತ್ತು ಮೊಹರು ಹಾಕಿಸಿಟ್ಟುಕೊಂಡರೆ, ಕೇಳಿದಾಗ ಒದಗಿಸಬಹುದು. ಪಿಯುಸಿ ಪರೀಕ್ಷೆ-1ರ ನಂತರ ಅಂಕ ಹೆಚ್ಚಿಸಿಕೊಳ್ಳಲು ಪರೀಕ್ಷೆ-2ಕ್ಕೆ ಕೂರುವವರು, ಅಂತಿಮ ಅಂಕಪಟ್ಟಿ ಯಾವಾಗ ಕೈಸೇರುತ್ತದೆ ಎಂಬುದನ್ನು ಕ್ಯಾಂಪಸ್ಸಿಗೆ ಮುಂಚಿತವಾಗಿ ಬರೆದಿಡಬೇಕು.

ಗಡಿಯಾರದ ಲೆಕ್ಕವನ್ನೂ ಸರಿಯಾಗಿ ಹಾಕಿಕೊಳ್ಳಿ. ಮಾರ್ಚ್ ಎರಡನೇ ಭಾನುವಾರದ ನಂತರ ಕ್ಯಾಲಿಫೋರ್ನಿಯಾ ಭಾರತಕ್ಕಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಸಂಜೆ 4ಕ್ಕೆ ಪ್ರಕಟವಾದ ಉತ್ತರವನ್ನು ಭಾರತದಲ್ಲಿ ಮರುದಿನ ಬೆಳಗಿನ ಜಾವ 4.30ಕ್ಕೆ ಎದ್ದು ನೋಡುವುದಕ್ಕಿಂತ, ಕಾಫಿ ಕುಡಿದು ಮನೆಯವರೆಲ್ಲ ಜೊತೆಗಿದ್ದಾಗ ತೆರೆಯುವುದು ಲೇಸು.

ಕೊನೆಯ ಹೆಜ್ಜೆ: ಅಂತಿಮ ಟ್ರಾನ್ಸ್‌ಕ್ರಿಪ್ಟ್

ಶಾಲೆ ಮುಗಿಯುವ ವಾರದಲ್ಲೇ ಅಂತಿಮ ಟ್ರಾನ್ಸ್‌ಕ್ರಿಪ್ಟ್‌ಗೆ ಕೋರಿಕೆ ಸಲ್ಲಿಸಿ, ಏಕೆಂದರೆ ಬೇಸಿಗೆ ರಜೆಯಲ್ಲಿ ಶಾಲೆಯ ಕಚೇರಿಗಳು ಮುಚ್ಚಿರುತ್ತವೆ. ಓದಿದ ಪ್ರತಿಯೊಂದು ಶಾಲೆ ಮತ್ತು ಸಮುದಾಯ ಕಾಲೇಜಿನಿಂದಲೂ ಬೇರೆ ಬೇರೆ ಟ್ರಾನ್ಸ್‌ಕ್ರಿಪ್ಟ್ ಹೋಗಬೇಕು. ಅದರಲ್ಲಿ ಶಾಲೆ ಮುಗಿಸಿದ ದಿನಾಂಕ ಇದೆಯೇ, ಅರ್ಜಿಯಲ್ಲಿ ಬರೆದದ್ದಕ್ಕೂ ನಂತರ ಪತ್ರದಲ್ಲಿ ತಿಳಿಸಿದ್ದಕ್ಕೂ ಹೊಂದುತ್ತದೆಯೇ ಎಂದು, ಮೊದಲ ದಿನ ಮುದ್ರಿಸಿಟ್ಟ ಹಾಳೆಯನ್ನು ಮುಂದಿಟ್ಟುಕೊಂಡು ಮತ್ತೊಮ್ಮೆ ತಾಳೆ ನೋಡಿ. ಶಾಲೆಯವರು ‘ಕಳುಹಿಸಿದ್ದೇವೆ’ ಎಂದ ಮಾತ್ರಕ್ಕೆ ನಿಲ್ಲಬೇಡಿ. ಪೋರ್ಟಲ್‌ನಲ್ಲಿ ‘ತಲುಪಿದೆ’ ಎಂದು ಕಾಣಿಸುವವರೆಗೆ ದಿನ ಬಿಟ್ಟು ದಿನ ನೋಡಿ, ಜೂನ್ ಕೊನೆಯ ವಾರದಲ್ಲೂ ಕಾಣಿಸದಿದ್ದರೆ ಗಡುವಿಗೆ ಮೊದಲೇ ಪ್ರವೇಶ ಕಚೇರಿಗೆ ಫೋನ್ ಮಾಡಿ.